ಸ್ವೇಚ್ಛೆಯಿಂದ ಖಾಲಿ

ನಮಗೆ ಆ ಮನೆ ಬಾಡಿಗೆಗೆ ಸಿಕ್ಕಿದ್ದು ಗುಂಡಿಯ ಕಾರಣಕ್ಕೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೇಳದೆ ಮುಂದೆ ಹೋದರೆ ಯಜಮಾನರು ದೊಡ್ಡ ಮನಸ್ಸಿನವರೆಂದು ನೀವು ತಿಳಿಯಬಹುದು. ನಾವೂ ಬಹಳ ದಿನ ಹಾಗೇ ತಿಳಿದಿದ್ದೆವು.

ಅಪ್ಪ ಪಾಯಿಖಾನೆ ಗುಂಡಿ ಖಾಲಿ ಮಾಡುವವನು. ಟ್ಯಾಂಕರಿನಲ್ಲಿ ಪೈಪು ಹಿಡಿಯುವ ಕೆಲಸ. ಜನ ಅವನನ್ನು ಪೈಪಣ್ಣ ಎನ್ನುತ್ತಾರೆ. ಪೈಪು ಮೇಲಿನ ತೆಳು ನೀರನ್ನು ಹೀರುತ್ತದೆ. ತಳದ ಹೂಳನ್ನು ಹೀರುವುದಿಲ್ಲ. ಅದಕ್ಕೆ ಮನುಷ್ಯನೇ ಇಳಿಯಬೇಕು. ಇಳಿಯುತ್ತಿದ್ದವನು ಅಪ್ಪ.

ಇಂಥವನಿಗೆ ಯಾರೂ ಮನೆ ಕೊಡುವುದಿಲ್ಲ. ಯಜಮಾನರು ಕೊಟ್ಟರು. ಅವರ ಮನೆ ಇದ್ದ ಓಣಿ ಕಿರಿದು, ನಡುವೆ ಎರಡು ತಿರುವು. ಟ್ಯಾಂಕರ್ ಒಳಗೆ ಬರುವುದಿಲ್ಲ, ಪೈಪು ಅಷ್ಟು ದೂರ ಎಟುಕುವುದಿಲ್ಲ. ಗುಂಡಿಯನ್ನು ಬಕೆಟ್ಟಿನಲ್ಲಿ ಎತ್ತಿ, ಡ್ರಮ್ಮಿಗೆ ಸುರಿದು, ತಳ್ಳುಗಾಡಿಯಲ್ಲಿ ರಸ್ತೆವರೆಗೆ ಒಯ್ಯಬೇಕು. ಹೊರಗಿನವರು ಯಾರೂ ಒಪ್ಪುತ್ತಿರಲಿಲ್ಲ. ಹಾಗಾಗಿ ಕೆಳಗಿನ ಎರಡು ಕೋಣೆ ನಮಗೆ. ಮೇಲಿನ ಎರಡು ಮಹಡಿ ಅವರಿಗೆ. ಬಾಡಿಗೆ ಓಣಿಯ ಉಳಿದ ಬಾಡಿಗೆದಾರರಷ್ಟೇ. ಗುಂಡಿಯ ಕೆಲಸ ಮಾತ್ರ ಪುಕ್ಕಟೆ. ಅದನ್ನು ಯಜಮಾನರು ‘ಮನೆಯವರ ಥರ’ ಎನ್ನುತ್ತಿದ್ದರು.

ಮೇಲೆ ಹನ್ನೊಂದು ಜನ. ಕೆಳಗೆ ಅಪ್ಪ, ಅಜ್ಜಿ, ನಾನು. ಅಮ್ಮ ತೀರಿಕೊಂಡು ಆರು ವರ್ಷವಾಯಿತು. ಗುಂಡಿ ಇದ್ದದ್ದು ನಮ್ಮ ಅಡುಗೆಮನೆಯ ಹಿಂದೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ. ತುಂಬಿದಾಗ ಮೇಲಿನವರದು ನಮ್ಮ ಬಚ್ಚಲಲ್ಲಿ ಮೇಲೇಳುತ್ತಿತ್ತು. ಅಜ್ಜಿ ಮಂಚದ ಮೇಲಿಂದಲೇ ಮೂಗು ಹಿಗ್ಗಿಸಿ ಹೇಳುತ್ತಿದ್ದಳು.

“ಮೇಲೆ ನೆಂಟರು ಬಂದಿದ್ದಾರೆ ಕಣೇ. ಗುಂಡಿ ಸುದ್ದಿ ಕಳಿಸಿದೆ.”

ಅಜ್ಜಿಯ ಕಾಲು ಬಿದ್ದುಹೋಗಿ ನಾಲ್ಕು ವರ್ಷ. ಬಾಯಿ ಬಿದ್ದುಹೋಗಿರಲಿಲ್ಲ.

ಯಜಮಾನರಿಗೆ ಅವಳು ಇಟ್ಟ ಹೆಸರು ‘ಹಲ್ಲು’. ಅದಕ್ಕೂ ಕಾರಣವಿದೆ. ಎಂಟು ವರ್ಷದ ಹಿಂದೆ ಯಜಮಾನರು ಮೇಲಿನ ಪಾಯಿಖಾನೆಯಲ್ಲಿ ಕೆಮ್ಮಿದರು. ಕಟ್ಟಿಸಿದ ಹಲ್ಲಿನ ಸೆಟ್ಟು ಒಳಗೆ ಬಿತ್ತು. ಗಾಬರಿಯಲ್ಲಿ ನೀರು ಬಿಟ್ಟರು. ಅಪ್ಪ ಗುಂಡಿಗಿಳಿದು ಅರ್ಧ ದಿನ ಕೈಯಾಡಿಸಿ ಹುಡುಕಿಕೊಟ್ಟ. ಅಮ್ಮ ಬಿಸಿನೀರಿನಲ್ಲಿ ಏಳು ಸಲ ತೊಳೆದಳು. ಯಜಮಾನರು ಅಪ್ಪನಿಗೆ ಒಂದು ಹಳೇ ಅಂಗಿ ಕೊಟ್ಟು, “ಯಾರಿಗೂ ಹೇಳಬೇಡ ಕಣಯ್ಯಾ” ಎಂದರು. ಮಾರನೇ ದಿನ ಅದೇ ಹಲ್ಲು ಹಾಕಿಕೊಂಡು ಬಂದು, ನಾವು ಬಾಗಿಲಲ್ಲಿ ಒದ್ದೆ ಬಟ್ಟೆ ಹರವಿದ್ದಕ್ಕೆ ಬೈದರು. ನಮ್ಮ ಮನೆಯ ನೀರು ಕುಡಿಯದವರು ಅವರು. ಹೊಸ್ತಿಲು ದಾಟದವರು. ಅಪ್ಪನ ಕೈ ಮುಟ್ಟಿದ್ದನ್ನು ಮಾತ್ರ ಬಾಯಲ್ಲಿಟ್ಟುಕೊಂಡು ಓಡಾಡುತ್ತಿದ್ದರು.

ಅವರು ಮನೆ ಮಾರುತ್ತೇನೆಂದದ್ದೂ ಅದೇ ಬಾಯಿಂದ.

“ಮನೆ ಕೊಟ್ಟುಬಿಡ್ತಾ ಇದ್ದೀನಿ ಕಣಯ್ಯಾ,” ಎಂದರು ಹೊಸ್ತಿಲಾಚೆ ನಿಂತು.

“ಯಾರಿಗೆ?” ಅಜ್ಜಿ ಒಳಗಿಂದ ಕೇಳಿದಳು. “ನಮಗಾ?”

ಯಜಮಾನರು ನಗಲಿಲ್ಲ. ಅಪ್ಪನ ತಲೆಯ ಮೇಲಿಂದ ಗೋಡೆ ನೋಡುತ್ತ ಮಾತು ಮುಗಿಸಿದರು. ಒಂದು ತಿಂಗಳು. ಅಷ್ಟರಲ್ಲಿ ಖಾಲಿ ಮಾಡಬೇಕು.

“ಎಲ್ಲಿಗೆ ಹೋಗೋದು ಯಜಮಾನ್ರೇ? ಹತ್ತೊಂಬತ್ತು ವರ್ಷ ಆಯ್ತು,” ಅಪ್ಪ ಕೇಳಿದ.

“ಅದೇ ಹೇಳ್ತಿರೋದು. ಹತ್ತೊಂಬತ್ತು ವರ್ಷ ಇಟ್ಕೊಂಡಿದ್ದೀನಲ್ಲ.”

ಇಟ್ಟುಕೊಂಡಿದ್ದೀನಿ ಎಂದರು. ಪೊರಕೆ, ಬಕೆಟ್ಟುಗಳನ್ನು ಇಟ್ಟುಕೊಂಡ ಹಾಗೆ.

ನಾನು ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿದ್ದೇನೆ. ರಕ್ತ, ಕೀವು, ವಾಂತಿಯಾದ ಹಾಸಿಗೆ ಬಟ್ಟೆಗಳನ್ನು ಬೇರ್ಪಡಿಸಿ ಯಂತ್ರಕ್ಕೆ ಹಾಕುವ ಕೆಲಸ. ಕೆಲಸ ಮುಗಿಸಿ ಸಂಜೆ ಶಾಲೆಗೆ ಹೋಗಿ ಹತ್ತನೇ ತರಗತಿ ಪಾಸಾದೆ. ಮನೆ ಹುಡುಕುವ ಜವಾಬ್ದಾರಿ ನನ್ನ ಮೇಲೆ ಬಿತ್ತು, ನಾನು ಓದಿದವಳಲ್ಲವೇ. ಎರಡು ಕಡೆ ಅಪ್ಪನ ಕೆಲಸ ಹೇಳಿದ ಕೂಡಲೇ ಮನೆ ಬೇರೆಯವರಿಗೆ ಹೋಗಿಬಿಟ್ಟಿತ್ತು. ಮೂರನೆಯ ಕಡೆ ನಾನು ಸ್ವಲ್ಪ ಜಾಣತನ ಮಾಡಿದೆ.

“ಅಪ್ಪ ಏನು ಮಾಡ್ತಾರಮ್ಮಾ?”

“ಟ್ಯಾಂಕರಲ್ಲಿ ಕೆಲಸ.”

“ಒಳ್ಳೇದಾಯ್ತು ಬಿಡು. ನೀರಿಗೆ ತೊಂದರೆ ಇರಲ್ಲ.” ಆ ಹೆಂಗಸಿನ ಮುಖ ಅರಳಿತು. ಬೀಗದ ಕೈ ತಂದು ಕೋಣೆ ತೋರಿಸಿದಳು. ಎರಡು ಕಿಟಕಿ, ಸಿಮೆಂಟಿನ ನೆಲ, ಅಜ್ಜಿಯ ಮಂಚಕ್ಕೆ ಅಳತೆ ಮಾಡಿಸಿದಂಥ ಮೂಲೆ. ನಾನು ಸುಮ್ಮನಿದ್ದರೆ ಆಗುತ್ತಿತ್ತು. ಆಗಲಿಲ್ಲ.

“ನೀರಿನ ಟ್ಯಾಂಕರ್ ಅಲ್ಲ ಅಮ್ಮಾ. ಇನ್ನೊಂದು.”

ಅವಳು ಬೀಗದ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ನಾನದನ್ನು ಮುಟ್ಟಿಯೂ ಇರಲಿಲ್ಲ.

ಮನೆಗೆ ಬಂದು ಹೇಳಿದೆ. ಅಪ್ಪ ಬೈಯಲಿಲ್ಲ. “ನಿಜ ಹೇಳಿದ್ರೆ ಮನೆ ಸಿಗಲ್ಲ, ಸುಳ್ಳು ಹೇಳಿದ್ರೆ ನಿದ್ದೆ ಬರಲ್ಲ. ನಿನ್ನ ಅಮ್ಮನೂ ಹಿಂಗೇ,” ಎಂದು ಸುಮ್ಮನಾದ. ಅಜ್ಜಿ ಸುಮ್ಮನಾಗಲಿಲ್ಲ.

“ಹರಿಶ್ಚಂದ್ರನ ಮೊಮ್ಮಗಳು ನೀನು. ಸ್ಮಶಾನದಲ್ಲಿ ಒಂದು ಕೋಣೆ ಕೇಳು, ಕೊಡ್ತಾರೆ.”

ಮರುದಿನ ಯಜಮಾನರು ನನ್ನನ್ನು ಮೇಲಕ್ಕೆ ಕರೆಸಿದರು. ಯಾವತ್ತೂ ‘ಏ ಹುಡುಗಿ’ ಎನ್ನುತ್ತಿದ್ದವರು ಅಂದು ‘ಬಾ ಮಗಳೇ’ ಎಂದರು. ಕುರ್ಚಿ ಎಳೆದು ಕೊಟ್ಟರು. ಪಕ್ಕದಲ್ಲಿ ಬ್ರೋಕರ್ ಕೂತಿದ್ದ. ಕಂಕುಳಲ್ಲಿ ಚೀಲ, ಕಿವಿಯ ಮೇಲೆ ಪೆನ್ನು.

“ನಿನ್ನ ಅಕ್ಷರ ಮುತ್ತಿನ ಹಾಗಿದೆಯಂತೆ. ಒಂದು ಪತ್ರ ಬರೆದುಕೊಡು. ನಿಮ್ಮಪ್ಪ ಸಹಿ ಹಾಕಲಿ. ನನಗೆ ಗೊತ್ತಿರೋರ ಒಂದು ಮನೆ ಇದೆ. ನಿಮಗೇ ಕೊಡಿಸ್ತೀನಿ.”

ಅವರು ಹೇಳಿದರು, ನಾನು ಬರೆದೆ. ‘ನಾನು ಈ ಮನೆಯನ್ನು ಯಾರ ಒತ್ತಾಯವೂ ಇಲ್ಲದೆ ಸ್ವ ಇಚ್ಛೆಯಿಂದ ಖಾಲಿ ಮಾಡಿಕೊಡುತ್ತಿದ್ದೇನೆ.’

ಇಲ್ಲಿ ನಾನು ಒಂದು ತಪ್ಪು ಮಾಡಿದೆ. ಸಂಜೆ ಶಾಲೆಯಲ್ಲಿ ಗುಣಸಂಧಿ ಕಲಿಸಿದ್ದರು. ಅ ಮತ್ತು ಇ ಸೇರಿದರೆ ಏ. ‘ಸ್ವ ಇಚ್ಛೆ’ ಎಂದು ಬಿಡಿಸಿ ಬರೆಯುವುದು ಓದದವರ ಲಕ್ಷಣ ಎಂದು ನನಗೆ ನಾನೇ ತೀರ್ಮಾನಿಸಿಕೊಂಡೆ. ಯಜಮಾನರಿಗೆ ತಿಳಿಯದ ವ್ಯಾಕರಣ ನನಗೆ ತಿಳಿದಿದೆ ಎಂದು ಒಳಗೊಳಗೇ ಹಿಗ್ಗಿದೆ. ಒಟ್ಟು ಸೇರಿಸಿ, ಒತ್ತಕ್ಷರ ಸರಿಯಾಗಿ ಕೊಟ್ಟು, ‘ಸ್ವೇಚ್ಛೆಯಿಂದ’ ಎಂದು ಬರೆದೆ. ನಮ್ಮ ಮನೆ ನಮ್ಮ ಕೈಯಿಂದ ಹೋಗುವ ಕಾಗದದಲ್ಲಿ ನಾನು ಸಂಧಿ ಸರಿ ಮಾಡಿದೆ. ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಅಪ್ಪ ಸಹಿ ಹಾಕಿದ. ಆ ಸಹಿ ನಾನೇ ಕಲಿಸಿದ್ದು. ಆರು ತಿಂಗಳು ಹಿಡಿದಿತ್ತು. ಅದಕ್ಕೂ ಮೊದಲು ಹೆಬ್ಬೆಟ್ಟು. ಹೆಬ್ಬೆಟ್ಟಿನ ಗೆರೆಗಳು ಸವೆದಿದ್ದರಿಂದ ಗುರುತು ಮೂಡುವುದಿಲ್ಲ ಎಂದು ಎಲ್ಲರೂ ಬೈಯುತ್ತಿದ್ದರು.

ಶನಿವಾರ ಮಧ್ಯಾಹ್ನ ಯಜಮಾನರು ಮತ್ತೆ ಹೊಸ್ತಿಲಾಚೆ ಬಂದರು.

“ನಾಳೆ ಕೊಳ್ಳೋರು ಬರ್ತಾರೆ. ವಾಸನೆ ಇರಬಾರದು. ಗುಂಡಿ ಚೊಕ್ಕ ಮಾಡಿಬಿಡಯ್ಯಾ. ತಳ ಕಾಣಬೇಕು.”

ಅಪ್ಪ ಮಾಡಿದ. ಅದನ್ನು ಹೇಗೆ ಮಾಡುತ್ತಾರೆಂದು ಬರೆಯಬೇಕು. ಓದುವಾಗ ಮೂಗು ಮುಚ್ಚಿಕೊಳ್ಳಬೇಡಿ, ಅಕ್ಷರಕ್ಕೆ ವಾಸನೆಯಿಲ್ಲ.

ಹಾರೆ ಹಾಕಿ ಚಪ್ಪಡಿ ಮೀಟಿದ. ಒಂದು ಗಂಟೆ ತೆರೆದುಬಿಟ್ಟ, ಕೆಟ್ಟ ಗಾಳಿ ಹೋಗಲಿ ಎಂದು. ಚಡ್ಡಿಯೊಂದನ್ನು ಬಿಟ್ಟು ಎಲ್ಲ ಬಿಚ್ಚಿದ. ಮೈಗೆಲ್ಲ ಎಣ್ಣೆ ಹಚ್ಚಿಕೊಂಡ, ಆಮೇಲೆ ತೊಳೆದರೆ ಬೇಗ ಬಿಡುತ್ತದೆ. ಸೊಂಟಕ್ಕೆ ಹಗ್ಗ. ಹಗ್ಗದ ಇನ್ನೊಂದು ತುದಿ ನನ್ನ ಸೊಂಟಕ್ಕೆ. ಅಮ್ಮ ಇದ್ದಾಗ ಅವಳ ಸೊಂಟಕ್ಕೆ ಇರುತ್ತಿತ್ತು. ಮೊದಲು ಮೇಲಿನದನ್ನು ಬಕೆಟ್ಟಿನಲ್ಲಿ ಎತ್ತಿದೆವು. ಎದೆ ಮಟ್ಟಕ್ಕೆ ಬಂದಾಗ ಅಪ್ಪ ಇಳಿದ. ತುಂಬಿಸಿ ಕೊಟ್ಟ, ನಾನು ಎಳೆದೆ, ಡ್ರಮ್ಮಿಗೆ ಸುರಿದೆ. ಬಕೆಟ್ ತುಳುಕಿ ಕೈಮೇಲೆ, ಪಾದದ ಮೇಲೆ ಚೆಲ್ಲುತ್ತಿತ್ತು. ಬಿಸಿಯಾಗಿರುತ್ತದೆ ಅದು. ಯಾರೂ ಹೇಳುವುದಿಲ್ಲ ಇದನ್ನು. ಹುದುಗಿ ಬಿಸಿಯಾಗಿರುತ್ತದೆ.

ತಳ ಬಂದಂತೆ ಮೇಲಿನ ಮನೆಯ ಗುಟ್ಟುಗಳು ಬಂದವು. ಚಮಚ. ಬಾಚಣಿಗೆ. ಮಗುವಿನ ಬೂಟು. ಹರಿದ ಫೋಟೋ ಒಂದರ ಅರ್ಧ. ಅಪ್ಪ ಎಲ್ಲವನ್ನೂ ಅಂಚಿನಲ್ಲಿ ಸಾಲಾಗಿಟ್ಟ. ಕೆಲಸದ ನಡುವೆ ಮೇಲೆ ಯಾರೋ ನೀರು ಬಿಟ್ಟರು. ಗುಂಡಿಯಲ್ಲಿ ಮನುಷ್ಯ ಇದ್ದಾನೆಂದು ಗೊತ್ತಿದ್ದೂ ಬಿಟ್ಟರು. ಕೊಳವೆಯಿಂದ ಬಂದದ್ದು ಅಪ್ಪನ ಹೆಗಲ ಮೇಲೆ ಬಿತ್ತು.

“ಸ್ವಲ್ಪ ಹೊತ್ತು ತಡೀರೀ!” ನಾನು ಕೂಗಿದೆ.

ಮೇಲಿನ ಕಿಟಕಿಯಿಂದ ಯಜಮಾನರ ಸೊಸೆಯ ದನಿ ಬಂತು. “ತಡ್ಕೊಳ್ಳೋದು ಅಂದ್ರೆ ಹೇಗೆ?”

ಅಪ್ಪ ಒಳಗಿಂದ ನಕ್ಕ. “ಬಿಡು ಮಗಳೇ. ಬಿಸಿಬಿಸಿ ಕೊಟ್ಟಿದ್ದಾರೆ.”

ನನಗೆ ನಗು ಬರಲಿಲ್ಲ. ವಾಂತಿ ಬಂತು. ಕಕ್ಕಿದ್ದನ್ನೂ ನಾನೇ ಬಾಚಿ ಡ್ರಮ್ಮಿಗೆ ಹಾಕಿದೆ.

ಭಾನುವಾರ ಬೆಳಿಗ್ಗೆ ಯಜಮಾನರು ಇನ್ನೊಂದು ಆಜ್ಞೆ ಕಳಿಸಿದರು. ಮುದುಕಿ ಮಲಗಿರುವುದು ಕಾಣಬಾರದು. ಮನೆಗೆ ಲಕ್ಷಣವಲ್ಲ. ಅಪ್ಪ ಮತ್ತು ನಾನು ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋಗಿ ಓಣಿಯ ತಿರುವಿನಲ್ಲಿ, ದರ್ಜಿಯ ಅಂಗಡಿಯ ತಗಡಿನ ನೆರಳಲ್ಲಿ ಇಟ್ಟೆವು.

“ನನ್ನನ್ನ ಬೀದಿಗೆ ತಂದುಬಿಟ್ರಲ್ಲೋ,” ಎಂದಳು ಅಜ್ಜಿ. “ಮನೆ ಮಾರೋಕೆ ಮೊದಲೇ.”

ಕೊಳ್ಳುವವರು ಗಂಡ ಹೆಂಡತಿ. ಯಜಮಾನರು ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ನಮ್ಮ ಹೊಸ್ತಿಲು ದಾಟಿದರು, ಚಪ್ಪಲಿ ಹಾಕಿಕೊಂಡೇ. ಎಲ್ಲರೂ ದಾಟಿದರು. ಆ ಹೆಂಗಸು ನಮ್ಮ ಅಡುಗೆಮನೆಯಲ್ಲಿ ಪಾತ್ರೆಯ ಮುಚ್ಚಳ ಎರಡು ಬೆರಳಲ್ಲಿ ಎತ್ತಿ ನೋಡಿದಳು. ಅನ್ನವಿತ್ತು. ಬೆರಳು ಒರೆಸಿಕೊಂಡಳು. ಗಂಡ ಅಜ್ಜಿಯ ಮಂಚಕ್ಕೆ ಮೊಣಕಾಲು ತಾಗಿಸಿ, “ಇದನ್ನೆಲ್ಲ ತೆಗೀತಾರಲ್ಲ?” ಎಂದ.

“ಖಾಲಿ ಅಂತಲೇ ತಿಳ್ಕೊಳ್ಳಿ ಸಾರ್,” ಎಂದ ಬ್ರೋಕರ್.

ಅಪ್ಪ ಅಲ್ಲೇ ಗೋಡೆಗೆ ಒರಗಿ ನಿಂತಿದ್ದ. ನಾನು ಅವನ ಪಕ್ಕದಲ್ಲಿದ್ದೆ. ಇಬ್ಬರೂ ಇದ್ದ ಕೋಣೆಗೆ ಅವನು ಖಾಲಿ ಎಂದ.

ಹೆಂಗಸು ಹಿಂದಿನ ಬಾಗಿಲಲ್ಲಿ ನಿಂತು ಮೂಗಿಗೆ ಕರವಸ್ತ್ರ ಹಿಡಿದು ಕೇಳಿದಳು. “ಪಿಟ್ ಹೇಗಿದೆ? ಈ ಓಣಿಗೆ ಗಾಡಿ ಬರಲ್ಲ ಅನ್ಸುತ್ತೆ.”

“ಗಾಡಿ ಯಾಕೆ ತಾಯೀ?” ಯಜಮಾನರು ಎಲ್ಲ ಹಲ್ಲೂ ತೋರಿಸಿ ನಕ್ಕರು. “ಹತ್ತೊಂಬತ್ತು ವರ್ಷದಲ್ಲಿ ಒಂದು ಸಲವೂ ಗಾಡಿ ಕರೆಸಿಲ್ಲ. ತುಂಬೋದೇ ಇಲ್ಲ ಅದು. ಭೂಮಿ ಗುಣ.”

ಭೂಮಿ ಗುಣ. ನಾನು ಅಪ್ಪನ ಕೈ ನೋಡಿದೆ. ನಿನ್ನೆ ಹಗ್ಗ ಉಜ್ಜಿದ ಜಾಗ ಬೊಬ್ಬೆ ಎದ್ದಿತ್ತು. ಅವನ ಉಗುರಿನ ಸಂದಿಯಲ್ಲಿ ಆ ಭೂಮಿ ಗುಣ ಇನ್ನೂ ಕರ್ರಗೆ ಇತ್ತು. ಒಂದು ಮಾತು ಆಡಬೇಕಿತ್ತು. ನಾನು ಆಡಲಿಲ್ಲ. ನೀರಿನ ಟ್ಯಾಂಕರಲ್ಲ ಎಂದು ಆ ಬಡ ಹೆಂಗಸಿಗೆ ಹೇಳುವಾಗ ಎದ್ದ ನಿಜ, ಇಲ್ಲಿ ಏಳಲಿಲ್ಲ. ಯಜಮಾನರು ಕೊಡಿಸುವೆನೆಂದ ಮನೆಯ ಆಸೆ ಬಾಯಿ ಕಟ್ಟಿತ್ತು. ನನ್ನ ಸತ್ಯಕ್ಕೂ ಆಳು ನೋಡಿ ಮಾತಾಡುವ ಬುದ್ಧಿ ಇದೆ ಎಂದು ಅವತ್ತು ಗೊತ್ತಾಯಿತು.

ಅವರು ಹೋದ ಮೇಲೆ ಅಜ್ಜಿಯನ್ನು ತರಲು ಹೋದೆವು. ಅವಳನ್ನು ಅಲ್ಲಿಟ್ಟು ಎರಡು ಗಂಟೆ ಕಳೆದಿತ್ತು. ಕುರ್ಚಿಯ ಕೆಳಗೆ ನೆಲ ಒದ್ದೆಯಾಗಿತ್ತು. ದರ್ಜಿ ತಲೆ ತಗ್ಗಿಸಿ ಹೊಲಿಯುತ್ತಿದ್ದ. ತನ್ನ ಅಂಗಡಿಯ ಪರದೆ ಬಿಚ್ಚಿ ಅಜ್ಜಿಯ ಮಡಿಲಿಗೆ ಹೊದಿಸಿದ್ದ. ಬಾಯಿ ಬಿಡದ ಅಜ್ಜಿಯನ್ನು ಅವತ್ತೇ ಮೊದಲು ನೋಡಿದ್ದು. ಮನೆಗೆ ತಂದು, ತೊಳೆದು, ಮಲಗಿಸಿದ ಮೇಲೆ ಗೋಡೆಯ ಕಡೆ ತಿರುಗಿ ಒಂದೇ ಮಾತು ಹೇಳಿದಳು.

“ಇನ್ನೊಂದು ಸಲ ಹೊರಬೇಡ್ರೋ ನನ್ನ. ಹೊತ್ತರೆ ಒಂದೇ ಸಲ ಹೊರಿ.”

ಸೋಮವಾರ ಸಂಜೆ ನಾನು ಕೆಲಸದಿಂದ ಬರುವುದಕ್ಕೂ ಯಜಮಾನರೂ ಬ್ರೋಕರೂ ಬಾಗಿಲಿಗೆ ಬರುವುದಕ್ಕೂ ಸರಿಹೋಯಿತು. ಬ್ರೋಕರನ ಕೈಯಲ್ಲಿ ನಾನು ಬರೆದ ಪತ್ರ, ಇನ್ನೊಂದು ಕೈಯಲ್ಲಿ ಬಿಳಿ ಹಾಳೆ.

“ಏನಮ್ಮಾ ಇದು, ಮರ್ಯಾದೆ ತೆಗೆದುಬಿಟ್ಟೆಯಲ್ಲ,” ಎಂದ ಬ್ರೋಕರ್. “ಕೊಳ್ಳೋರ ಲಾಯರು ಓದಿ ಬಿದ್ದು ಬಿದ್ದು ನಕ್ಕರು. ಸ್ವೇಚ್ಛೆ ಅಂತೆ! ಸ್ವೇಚ್ಛೆ ಅಂದ್ರೆ ಏನು ಗೊತ್ತಾ? ಲಂಗುಲಗಾಮಿಲ್ಲದೆ, ಮನಸ್ಸಿಗೆ ಬಂದ ಹಾಗೆ ನಡ್ಕೊಳ್ಳೋದು. ಸ್ವೇಚ್ಛಾಚಾರ ಅಂತಾರಲ್ಲ, ಅದು. ‘ಸ್ವಂತ ಇಚ್ಛೆಯಿಂದ’ ಅಂತ ಬಿಡಿಸಿ ಬರಿ.”

ಮೊದಲು ಬಂದದ್ದು ಸಿಟ್ಟಲ್ಲ, ನಾಚಿಕೆ. ವ್ಯಾಕರಣ ತಪ್ಪಿದ ನಾಚಿಕೆ. ನಾನು ಅಂಥವಳು.

“ಸಂಧಿ ಸರಿ ಇದೆ,” ಎಂದೆ ಮೆಲ್ಲಗೆ.

“ಸಂಧಿ ಸರಿ, ಅರ್ಥ ತಪ್ಪು. ಬೇಗ ಬರಿ. ಈ ಪತ್ರ ಇಲ್ಲಾಂದ್ರೆ ಅವರು ಮುಂದೆ ಬರಲ್ಲ. ನಿಮ್ಮಿಂದ ಮನೆ ಬಿಡಿಸೋಕೆ ಕೋರ್ಟು ಅಂತ ನಾವು ವರ್ಷಗಟ್ಟಲೆ ಅಲೀಬೇಕು.”

ಯಜಮಾನರು ಅವನ ತೋಳು ಚಿವುಟಿದರು. ತಡವಾಗಿತ್ತು. ಆ ಕಾಗದಕ್ಕೆ ಎಷ್ಟು ತೂಕವಿದೆಯೆಂದು ನನಗೆ ಗೊತ್ತಾಯಿತು.

“ನೀವು ಕೊಡಿಸ್ತೀನಿ ಅಂದ ಮನೆ?” ಎಂದೆ.

“ಅವರು ನಿಮ್ಮಪ್ಪನ ಕೆಲಸ ಕೇಳಿದ್ರು,” ಎಂದರು ಯಜಮಾನರು. “ನಾನು ಸುಳ್ಳು ಹೇಳೋನಲ್ಲ.”

“ಹಳೇ ಪತ್ರ ಕೊಡಿ. ನೋಡಿಕೊಂಡು ಬರೀತೀನಿ.”

ನಿಜವಾಗಿ ಬರೆಯುವುದಕ್ಕೆಂದೇ ಕೇಳಿದೆ. ಕೈಗೆ ಬಂತು. ಓದಿದೆ. ಕೆಳಗೆ ಅಪ್ಪನ ಸಹಿ, ಒಂದೊಂದು ಅಕ್ಷರ ಒಂದೊಂದು ಕಡೆ ವಾಲಿಕೊಂಡು. ನಾನು ಕಲಿಸಿದ ಅಕ್ಷರಗಳು. ಮಂಚದಿಂದ ಅಜ್ಜಿ ನೋಡುತ್ತಿದ್ದಳು. ಮೊದಲ ಸಲ ತಿಳಿಯದೆ ತಪ್ಪು ಬರೆದೆ. ಈಗ ಸರಿಯಾಗಿ ಬರೆದರೆ ತಿಳಿದು ಸುಳ್ಳು ಬರೆದ ಹಾಗೆ. ಕಾಗುಣಿತ ತಿದ್ದಬಹುದು. ಇದನ್ನು ತಿದ್ದಲು ಆಗುವುದಿಲ್ಲ.

“ಆ ಪದ ತಪ್ಪಿಲ್ಲ,” ಎಂದೆ. “ಕೆಳಗಿರೋ ಹೆಸರು ತಪ್ಪಿದೆ. ಸ್ವೇಚ್ಛೆ ನಮ್ಮದಲ್ಲ. ನಿಮ್ಮದು.”

“ಏನಂದೆ?”

“ಬರೆಯಲ್ಲ ಅಂದೆ.”

ಬಚ್ಚಲಿಗೆ ಹೋದೆ. ಪತ್ರವನ್ನು ನಾಲ್ಕಾಗಿ ಹರಿದು ಪಾಯಿಖಾನೆಗೆ ಹಾಕಿದೆ. ಒಂದು ಚೊಂಬು ನೀರು ಸುರಿದೆ. ಬೇರೆ ದಿನವಾಗಿದ್ದರೆ ಅರ್ಧ ಮೇಲೆ ಬರುತ್ತಿತ್ತು. ಶನಿವಾರವಷ್ಟೇ ಅಪ್ಪ ಖಾಲಿ ಮಾಡಿದ್ದನಲ್ಲ, ಒಂದೇ ಚೊಂಬಿಗೆ ಸರ್ರೆಂದು ಹೋಯಿತು.

ಇಲ್ಲಿಂದ ಮುಂದೆ ನನಗೆ ಯಜಮಾನನಿಗೆ ಬಹುವಚನ ಬರೆಯಲು ಆಗುವುದಿಲ್ಲ.

ಅವನು ಒಳಗೆ ನುಗ್ಗಿ ಬಂದ. ಬ್ರೋಕರ್ ಹಿಂದೆ. “ತಪ್ಪೋ ಒಪ್ಪೋ, ಸಹಿ ಇತ್ತಲ್ಲೇ ಅದರಲ್ಲಿ! ಲಾಯರು ಹೇಗಾದ್ರೂ ಮಾಡ್ತಿದ್ರು,” ಎಂದು ಬ್ರೋಕರ್ ತಲೆ ಚಚ್ಚಿಕೊಂಡ. ಯಜಮಾನನ ಮುಖ ಕಪ್ಪಿಟ್ಟಿತು. ನನ್ನ ಕಡೆ ನೋಡಲಿಲ್ಲ. ಅಭ್ಯಾಸದಂತೆ ಅಪ್ಪನ ಕಡೆ ತಿರುಗಿ ಬೆರಳು ಚಾಚಿದ.

“ಇಳಿಯೋ! ಇಳಿದು ತೆಗೀ ಅದನ್ನ!”

ಅಪ್ಪ ಊಟಕ್ಕೆ ಕೂತಿದ್ದ. ತುತ್ತು ಮುಗಿಸಿದ. ಕೈ ತೊಳೆದ, ಬಹಳ ನಿಧಾನವಾಗಿ, ಉಗುರಿನ ಸಂದಿಯನ್ನೂ ಬಿಡದೆ. ಒರೆಸಿಕೊಂಡ. ಹಿಂದಿನ ಬಾಗಿಲು ತೆರೆದು ಹಾರೆ ಎತ್ತಿಕೊಂಡ. ಇಳಿದುಬಿಡುತ್ತಾನೆ ಎಂದುಕೊಂಡೆ. ಹತ್ತೊಂಬತ್ತು ವರ್ಷದ ರೂಢಿ.

ಚಪ್ಪಡಿ ಮೀಟಿದ. ಪಕ್ಕಕ್ಕೆ ಸರಿಸಿದ. ಹಗ್ಗ ತಂದು ಯಜಮಾನನ ಕಾಲ ಬಳಿ ಇಟ್ಟ.

“ಎರಡು ದಿನದ್ದು ಅಷ್ಟೇ, ಹೆಚ್ಚೇನಿಲ್ಲ. ಮೊಣಕಾಲವರೆಗೂ ಬರಲ್ಲ,” ಎಂದ. “ಎಲ್ಲ ನಿಮ್ಮ ಮನೇದೇ. ಇಳೀರಿ.”

“ಏನೋ ಅಂದೆ?”

“ಹಲ್ಲು ಬಿದ್ದಾಗ ನಾನು ಇಳಿದೆ. ಪತ್ರ ನಿಮಗೆ ಬೇಕಾಗಿರೋದು, ನೀವೇ ಇಳೀರಿ. ಹಗ್ಗ ನಾನು ಹಿಡ್ಕೋತೀನಿ. ಬಿಡಲ್ಲ, ಹೆದರಬೇಡಿ.”

“ಹಲ್ಲಾ? ಯಾವ ಹಲ್ಲು?” ಎಂದ ಬ್ರೋಕರ್.

ಯಜಮಾನ ತುಟಿ ಒಳಗೆಳೆದುಕೊಂಡ.

“ಖಾಲಿ ಮಾಡು, ಖಾಲಿ ಮಾಡು ಅಂತೀರಲ್ಲ,” ಅಪ್ಪ ಮುಂದುವರಿಸಿದ. ದನಿ ಏರಲಿಲ್ಲ. “ಖಾಲಿ ಮಾಡೋದೇ ನನ್ನ ಕಸುಬು. ಗುಂಡಿ ಖಾಲಿ ಮಾಡ್ತೀನಿ. ಜನ ಇರೋ ಮನೇನ ಖಾಲಿ ಮಾಡೋ ಕಸುಬು ನನಗೆ ಬರಲ್ಲ. ನಾವು ಬರೆದುಕೊಡಲ್ಲ. ಕೋರ್ಟಿಗೆ ಹೋಗಿ. ಬರ್ತೀವಿ. ನನ್ನ ಮಗಳಿಗೆ ಓದೋಕೆ ಬರುತ್ತೆ.”

ಆಗಲೇ ಮೇಲೆ ಯಾರೋ ನೀರು ಬಿಟ್ಟರು. ಕೊಳವೆ ಗೊಳಗೊಳ ಎಂದಿತು. ತೆರೆದ ಗುಂಡಿಯೊಳಗೆ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು.

ಯಜಮಾನ ಬಗ್ಗಿ ನೋಡಿದ. ತನ್ನ ಗುಂಡಿಯ ಒಳಗನ್ನು ಅವನು ನೋಡಿದ್ದು ಅದೇ ಮೊದಲು. ವಾಸನೆ ಮುಖಕ್ಕೆ ಹೊಡೆಯಿತು. ಗಂಟಲು ಉಬ್ಬಿತು. ಓಕರಿಕೆ ಒತ್ತರಿಸಿ ಬಂತು. ಒಂದು ಕೈ ಮೂಗಿಗೆ ಹೋಯಿತು. ಇನ್ನೊಂದು ಕೈಯಲ್ಲಿ ಬಾಯಿ ಗಟ್ಟಿಯಾಗಿ ಮುಚ್ಚಿ ಹಿಡಿದುಕೊಂಡ.

ಮಂಚದಿಂದ ಅಜ್ಜಿಯ ದನಿ ಬಂತು. ನಿನ್ನೆಯಿಂದ ಕೇಳಿಸದಿದ್ದ ಅವಳ ಹಳೇ ದನಿ.

“ಹುಷಾರು ಕಣಪ್ಪಾ. ಈ ಸಲ ಬಿದ್ರೆ ತೆಗೆಯೋರಿಲ್ಲ.”